ಹಳದಿ ದೀಪ ಏನು ಹೇಳುತ್ತದೆ?

ಮಕ್ಕಳೇ, ಕಾರಿನ ಕೀಲಿ ತಿರುಗಿಸಿದ ಕೂಡಲೇ ಚಾಲಕರ ಮುಂದಿನ ಫಲಕದಲ್ಲಿ ಹಲವು ದೀಪಗಳು ಹೊತ್ತಿಕೊಳ್ಳುವುದನ್ನು ನೋಡಿದ್ದೀರಾ? ಅವುಗಳಲ್ಲಿ ಎಂಜಿನ್ ಆಕಾರದ ಹಳದಿ ದೀಪವೂ ಒಂದು. ಎಂಜಿನ್ ಚಾಲೂ ಆದ ಮೇಲೆ ಅದು ಆರಬೇಕು. ಆರದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಏನೋ ದೋಷ ಕಂಡುಹಿಡಿದಿದೆ ಎಂದು ಅರ್ಥ.

ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ. ಗುಂಡ್ಲುಪೇಟೆಯಿಂದ ಊಟಿಗೆ ಮತ್ತು ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆಗಳೆರಡೂ ಬಂಡೀಪುರದ ಕಾಡಿನೊಳಗೆ ಸಾಗುತ್ತವೆ. ಆನೆಗಳು ರಸ್ತೆ ದಾಟುವ ಆ ಜಾಗದಲ್ಲಿ ವಾಹನ ನಿಲ್ಲಿಸುವಂತಿಲ್ಲ. 2009ರಲ್ಲಿ ಬಂದ ನಿಯಮದಂತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ, ಕೆಲವು ಬಸ್ಸು ಮತ್ತು ಆಂಬುಲೆನ್ಸ್ ಬಿಟ್ಟರೆ, ಸಂಚಾರವೂ ಇಲ್ಲ. ಸಂಜೆ 7 ಗಂಟೆಗೆ ಗುಂಡ್ಲುಪೇಟೆಯಲ್ಲಿ ಒಂದು ಕಾರು ನಡುಗತೊಡಗಿತು, ಹಳದಿ ದೀಪ ಮಿಣುಕತೊಡಗಿತು ಎಂದುಕೊಳ್ಳಿ. ಊಟಿಗೆ ಹೊರಡಬಹುದೇ?

ಬೇಡ. ದೀಪ ಒಂದೇ ಸಮನೆ ಉರಿಯುತ್ತಿದ್ದರೆ ನಿಧಾನವಾಗಿ ಹತ್ತಿರದ ಮೆಕ್ಯಾನಿಕ್ ಬಳಿಗೆ ಹೋಗಬಹುದು. ಮಿಣುಕುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ, ಅಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಜೇನುಗೂಡಿನಂಥ ಭಾಗವನ್ನು ಕಾಯಿಸಿ ಕರಗಿಸಲೂಬಹುದು.

ಮೆಕ್ಯಾನಿಕ್ ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸುತ್ತಾರೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯ. ನಮ್ಮಲ್ಲಿ 2010ರ ನಂತರ ಹಂತ ಹಂತವಾಗಿ ಬಂತು. ಪರದೆಯ ಮೇಲೆ 'ಪಿ0301' ಎಂದು ಮೂಡಿತು. 'ಪಿ' ಎಂದರೆ ದೋಷ ಎಂಜಿನ್ ಮತ್ತು ಗೇರ್ ವಿಭಾಗದಲ್ಲಿದೆ. '0' ಎಂದರೆ ಇದು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡ್. '3' ಕಿಡಿ ಹೊತ್ತಿಸುವ ವ್ಯವಸ್ಥೆಯನ್ನು, '01' ಒಂದನೇ ಸಿಲಿಂಡರನ್ನು ಸೂಚಿಸುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ, ಒಂದನೇ ಸಿಲಿಂಡರ್ 'ಮಿಸ್ಸಿಂಗ್ ಹೊಡೆಯುತ್ತಿದೆ'.

ಕಂಪ್ಯೂಟರಿಗೆ ಇದು ಹೇಗೆ ತಿಳಿಯಿತು? ಮೂರು ನಾಲ್ಕು ಜನ ಒಂದೇ ಒರಳಿಗೆ ಸರದಿಯಂತೆ ಒನಕೆ ಹಾಕುವಾಗ ಒಬ್ಬರ ಪೆಟ್ಟು ತಪ್ಪಿದರೆ ಲಯ ಕೆಡುತ್ತದಲ್ಲವೇ? ಹಾಗೆಯೇ ಒಂದು ಸಿಲಿಂಡರ್ ಉರಿಯದಿದ್ದರೆ ಕ್ರ್ಯಾಂಕ್ ಶಾಫ್ಟ್ ಆ ಕ್ಷಣ ತುಸು ನಿಧಾನವಾಗುತ್ತದೆ. ಶಾಫ್ಟಿನ ಹಲ್ಲುಚಕ್ರದ ಪಕ್ಕದ ಸೆನ್ಸರ್ ಇದನ್ನು ಹಿಡಿಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ 100 ಸಲ ಪೆಟ್ರೋಲ್ ಉರಿಯುತ್ತದೆ. ಅದರಲ್ಲಿ ತಪ್ಪಿದ್ದು ಯಾವುದೆಂದು ಗುರುತಿಸುವುದು ನಿಜಕ್ಕೂ ಸೋಜಿಗ!

ಆದರೆ ಈ ಕೋಡ್ 'ಎಲ್ಲಿ' ಎಂದು ಹೇಳಿತೇ ಹೊರತು 'ಏಕೆ' ಎಂದು ಹೇಳಲಿಲ್ಲ. ಸ್ಪಾರ್ಕ್ ಪ್ಲಗ್ ಸವೆದಿರಬಹುದು, ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್ ಕೆಟ್ಟಿರಬಹುದು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಟ್ಟಿಕೊಂಡಿರಬಹುದು, ಇಲಿ ವೈರು ಕಡಿದಿರಲೂಬಹುದು. ಎಲ್ಲವನ್ನೂ ಹೊಸದಾಗಿ ಹಾಕಿದರೆ ಹಣ ದಂಡ. ಜಾಣ ಮೆಕ್ಯಾನಿಕ್ ಒಂದು ಪ್ರಯೋಗ ಮಾಡುತ್ತಾರೆ. ಎಂಜಿನ್ ಆರಿಸಿ, ಒಂದನೇ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದಕ್ಕೂ ಹಾಕಿ, ಹಳೆಯ ಕೋಡ್ ಅಳಿಸಿ, ಮತ್ತೆ ಓಡಿಸುತ್ತಾರೆ. ಈಗ 'ಪಿ0302' ಬಂದರೆ ದೋಷ ಕಾಯಿಲಿನ ಜೊತೆಗೇ ಹೋಗಿದೆ, ಕೆಟ್ಟಿರುವುದು ಅದೇ! ಮತ್ತೆ 'ಪಿ0301' ಬಂದರೆ ಕಾಯಿಲ್ ನಿರಪರಾಧಿ. ಮುಂದಿನ ಸರದಿ ಪ್ಲಗ್ಗಿನದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ತಿಳಿಯುವುದೇ ಇಲ್ಲ.

ಕೋಡ್ ಅಳಿಸಿ ದೀಪ ಆರಿಸಿ ಕಳಿಸುವವರೂ ಇದ್ದಾರೆ. ದೀಪ ಆರಿದರೂ ದೋಷ ಅಲ್ಲೇ ಇರುತ್ತದೆ, ಕಾಡಿನ ನಡುವೆ ಮತ್ತೆ ಹೊತ್ತಿಕೊಳ್ಳುತ್ತದೆ. ನಮ್ಮ ಕಾರಿಗೆ ಹೊಸ ಕಾಯಿಲ್ ಬೇಗ ಸಿಕ್ಕರೆ ಸರಿ. ಸಿಗದಿದ್ದರೆ ಆ ರಾತ್ರಿ ಗುಂಡ್ಲುಪೇಟೆಯಲ್ಲೇ ವಾಸ.

ಲೆಕ್ಕ ಮಾಡಿ: ಇಂಥ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ನಾಲ್ಕೂ ಸಿಲಿಂಡರ್ ಸೇರಿ ಸೆಕೆಂಡಿಗೆ ಎಷ್ಟು ಸಲ ಉರಿಯುತ್ತವೆ? ಒಂದು ಸಿಲಿಂಡರ್ ಪೂರ್ತಿ ಕೆಟ್ಟರೆ ಎಷ್ಟು?