ಅಗಲ ಪರದೆಗೆ ದುಡ್ಡು ಹಾಕುವ ಮುನ್ನ

ಗೇಮ್ ಆಡಲು ಅಗಲದ ಮಾನಿಟರ್ ಬೇಕು, ಆದರೆ ಜೇಬು ಅಷ್ಟಕ್ಕಷ್ಟೇ ಅನ್ನುವವರು ಮೊದಲು ತಮ್ಮ ಗ್ರಾಫಿಕ್ಸ್ ಕಾರ್ಡ್ ಯಾವುದೆಂದು ನೋಡಿಕೊಳ್ಳಿ. ಫುಲ್ ಎಚ್‌ಡಿ ಪರದೆಗಿಂತ 2560×1080ರಲ್ಲಿ ಮೂರನೇ ಒಂದರಷ್ಟು ಹೆಚ್ಚು ಪಿಕ್ಸೆಲ್‌ಗಳಿವೆ. 3440×1440ರಲ್ಲಿ ಸುಮಾರು 2.4 ಪಟ್ಟು. ಅಷ್ಟನ್ನೂ ಪ್ರತಿ ಫ್ರೇಮಿಗೂ ಬಿಡಿಸಬೇಕಾದದ್ದು ಆ ಕಾರ್ಡೇ. ಹಳೇ ಕಾರ್ಡಿದ್ದರೆ ದೊಡ್ಡದರ ಆಸೆ ಬಿಡಿ.

ಇಂಚಿನ ಲೆಕ್ಕವೂ ಮೋಸ ಮಾಡುತ್ತದೆ. 29 ಇಂಚಿನ 21:9 ಅನುಪಾತದ ಅಗಲ ಪರದೆಯ ಎತ್ತರ, ಮಾಮೂಲಿ 23 ಇಂಚಿನದ್ದರಷ್ಟೇ. ಈಗಾಗಲೇ 27 ಇಂಚಿನದು ಮನೆಯಲ್ಲಿದ್ದರೆ ಇದು ಗಿಡ್ಡ ಅನ್ನಿಸುವುದು ಖಂಡಿತ. ಆ ಎತ್ತರ ಬೇಕೆಂದರೆ 34 ಇಂಚಿಗೇ ಹೋಗಬೇಕು.

ಡಬ್ಬದ ಮೇಲೆ ರೆಸ್ಪಾನ್ಸ್ ಟೈಮ್ '1 ಎಂಎಸ್' ಎಂದಿರುವುದನ್ನು ನೋಡಿ ಮರುಳಾಗಬೇಡಿ. ಅದನ್ನು ಅಳೆಯುವ ಬಗೆ ಒಂದೇ ಅಲ್ಲ, ಕಂಪನಿಗಳು ತಮಗೆ ಅನುಕೂಲವಾದದ್ದನ್ನೇ ಬರೆಯುತ್ತವೆ. ಅಗ್ಗದ ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಕತ್ತಲ ದೃಶ್ಯದಲ್ಲಿ ಪಾತ್ರ ಓಡಿದರೆ ಹಿಂದೆ ಮಸಿ ಬಳಿದಂತೆ ನೆರಳು ಎಳೆಯುವುದುಂಟು. ಐಪಿಎಸ್‌ನಲ್ಲಿ ಆ ಕಾಟ ಕಡಿಮೆ, ಕಪ್ಪು ಮಾತ್ರ ಸ್ವಲ್ಪ ಬೂದು. ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಎರಡನ್ನೂ ಹಚ್ಚಿಸಿ ನೋಡಿ. ಸತ್ತ ಪಿಕ್ಸೆಲ್ ಎಷ್ಟಿದ್ದರೆ ಬದಲಿಸಿ ಕೊಡುತ್ತಾರೆಂದು ಬಿಲ್ ಹಾಕಿಸುವ ಮುಂಚೆಯೇ ಕೇಳಿ.

ನೀವಾಡುವ ಗೇಮ್ 21:9ಕ್ಕೆ ಒಗ್ಗುತ್ತದೆಯೇ? 'ಎಲ್ಡನ್ ರಿಂಗ್'ನಂಥದ್ದರಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಅದೊಂದನ್ನೇ ಆಡುವವರಿಗೆ ಅಗಲ ಯಾತಕ್ಕೆ?

ಮನೆಗೆ ತಂದ ಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಸ್‌ಗೆ ದುಡ್ಡು ಕೊಟ್ಟು 60ರಲ್ಲೇ ಆಡುತ್ತಿರುವವರು ಎಷ್ಟೋ ಜನ.