ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮುಚ್ಚಿಡಬೇಡಿ
(ಆರೋಗ್ಯ ಪಾಠ: ಗರ್ಭಕೋಶದ ಒಳಪದರದ ಕ್ಯಾನ್ಸರ್)



ಕಳೆದ ಶ್ರಾವಣದಲ್ಲಿ ಮಠಕ್ಕೆ ಬಂದಿದ್ದ ಅರವತ್ತು ದಾಟಿದ ತಾಯಿಯೊಬ್ಬರು ಹೊರಡುವಾಗ ನಮ್ಮ ಮನೆಯವರ ಕಿವಿಯಲ್ಲಿ ಒಂದು ಮಾತು ಹೇಳಿದರು. ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣುತ್ತಿತ್ತಂತೆ. ಎಂಟು ತಿಂಗಳಿಂದ ಮಗನಿಗೂ ಸೊಸೆಗೂ ಹೇಳಿರಲಿಲ್ಲ, ಸಂಕೋಚ. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಆಪರೇಷನ್ ಜೊತೆಗೆ ವಿಕಿರಣ ಚಿಕಿತ್ಸೆಯೂ ಆಗಿ ಈಗ ಕ್ಷೇಮವಾಗಿದ್ದಾರೆ. ‘ಮೊದಲೇ ಬಾಯಿ ಬಿಡಬೇಕಿತ್ತು’ ಎಂದು ಅವರೇ ಹೇಳುತ್ತಾರೆ. ಅದಕ್ಕಾಗಿ ಈ ಪಾಠ.

ರೋಗ ಹೇಗೆ ಬರುತ್ತದೆ?
ಗರ್ಭಕೋಶದ ಒಳಪದರವನ್ನು ಬೆಳೆಸುವುದು ಈಸ್ಟ್ರೋಜನ್ ಎಂಬ ಹಾರ್ಮೋನು, ಹತೋಟಿಯಲ್ಲಿಡುವುದು ಪ್ರೊಜೆಸ್ಟಿರಾನ್. ಮುಟ್ಟು ನಿಂತ ಮೇಲೂ ಮೈಯ ಕೊಬ್ಬು ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ, ಹತೋಟಿ ಮಾತ್ರ ಇರುವುದಿಲ್ಲ. ಪದರ ದಪ್ಪವಾಗುತ್ತಾ ಹೋಗಿ ಕೆಲವರಲ್ಲಿ ಕ್ಯಾನ್ಸರಾಗುತ್ತದೆ.

ಯಾರಿಗೆ ಅಪಾಯ ಹೆಚ್ಚು?
ಬೊಜ್ಜು ಮೈಯವರು, ಸಕ್ಕರೆ ರೋಗದವರು, ಮಕ್ಕಳಾಗದವರು, 55 ದಾಟಿದ ಮೇಲೆ ಮುಟ್ಟು ನಿಂತವರು, ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುವವರು, ಮನೆತನದಲ್ಲಿ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಇರುವವರು ಎಚ್ಚರದಿಂದಿರಬೇಕು.

ಲಕ್ಷಣ
ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು. ಮುಚ್ಚಿದ ಖಾತೆಯಲ್ಲಿ ಹೊಸ ಖರ್ಚು ಕಂಡರೆ ಯಾವ ವ್ಯಾಪಾರಿ ಸುಮ್ಮನಿದ್ದಾನು? ಹೀಗೆ ರಕ್ತ ಕಂಡ ನೂರು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಮಾತ್ರ ಈ ಕ್ಯಾನ್ಸರ್ ಇರುತ್ತದೆ, ಗಾಬರಿ ಬೇಡ. ಆದರೆ ಈ ರೋಗ ಬಂದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಮೊದಲು ರಕ್ತವೇ ಕಾಣುತ್ತದೆ, ಅಸಡ್ಡೆಯೂ ಬೇಡ. ಇನ್ನೂ ಮುಟ್ಟಾಗುವವರಿಗೆ ವಿಪರೀತ ಸ್ರಾವವಾದರೆ, ನಡುನಡುವೆ ರಕ್ತ ಕಂಡರೆ, ಅವರೂ ತೋರಿಸಿಕೊಳ್ಳಬೇಕು.

ಪರೀಕ್ಷೆ
ಮೊದಲು ಒಳಗಿನಿಂದ ಸ್ಕ್ಯಾನಿಂಗ್ ಮಾಡುತ್ತಾರೆ. ಮುಟ್ಟು ನಿಂತವರಲ್ಲಿ ಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಂಡರೆ, ಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ರೋಗ ಖಚಿತವಾಗುವುದು ಬಯಾಪ್ಸಿಯಿಂದಲೇ. ಪ್ಯಾಪ್ ಪರೀಕ್ಷೆ ಇರುವುದು ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ. ಅದು ಸರಿಯಿದೆಯೆಂದು ಸುಮ್ಮನಾಗಬಾರದು. ಹೆದರಿಕೊಂಡು ಬಯಾಪ್ಸಿ ಇಲ್ಲದೆ ಗರ್ಭಚೀಲ ತೆಗೆಸಲೂಬಾರದು.

ಚಿಕಿತ್ಸೆ
ಗರ್ಭಕೋಶ, ನಳಿಕೆ, ಅಂಡಾಶಯಗಳನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ರೋಗ ಗರ್ಭಕೋಶದೊಳಗೇ ಇದ್ದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ಹೊರಗೆ ಹರಡಿದ್ದರೆ ವಿಕಿರಣ, ಕಿಮೋಥೆರಪಿ ಬೇಕಾಗುತ್ತದೆ. ಮಕ್ಕಳು ಬೇಕೆನ್ನುವ ಕಿರಿಯರಿಗೆ, ರೋಗ ತೀರ ಆರಂಭದಲ್ಲಿದ್ದರೆ, ಹಾರ್ಮೋನ್ ಚಿಕಿತ್ಸೆ ಕೊಟ್ಟು ನೋಡುವುದುಂಟು.

ಸೊಲ್ಲಾಪುರ ಸೀಮೆಯವರಿಗೆ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಖರ್ಚಿನ ಚಿಂತೆಯಿದ್ದರೆ ಪಡಿತರ ಚೀಟಿ, ಆಧಾರ್ ಒಯ್ದು ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿರಿ.

ಗಂಡಸರಲ್ಲಿ ನಮ್ಮ ವಿನಂತಿ: ಈ ಪಾಠವನ್ನು ಮನೆಯಲ್ಲಿ ಓದಿ ಹೇಳಿರಿ. ಎತ್ತು ಮೇವು ಬಿಟ್ಟರೆ ಅಂದೇ ಡಾಕ್ಟರನ್ನು ಕರೆಸುವ ನಾವು ಅವ್ವನ ಸಂಕಟಕ್ಕೆ ಎಂಟು ತಿಂಗಳು ಕಾಯುವುದು ತರವಲ್ಲ.