ವರ್ಣಮಾಲೆಯೂ ವಾಕ್‌ಚಿಕಿತ್ಸೆಯೂ

ಬಗದಲ್, ಭಾಲ್ಕಿ, ಔರಾದ ಸೀಮೆಯ ಶಾಲೆಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಓದುತ್ತಾರೆ. ಮನೆಮಾತಿನಿಂದ ಬಂದ ಉಚ್ಚಾರಭೇದವು ದೋಷವಲ್ಲ. ಆದರೆ ತನ್ನ ಮನೆಮಾತನ್ನೂ ಸಮವಯಸ್ಕರಂತೆ ನುಡಿಯಲಾರದ ಮಗುವಿಗೆ ನೆರವು ಅಗತ್ಯ. ಈ ವಿವೇಚನೆಯಿಲ್ಲದೆ ಗದರಿಸಿದರೆ ಮಗು ಮೌನವನ್ನೇ ಆಶ್ರಯಿಸುತ್ತದೆ. ಕ್ರಮೇಣ ಶಾಲೆಯನ್ನೂ ತೊರೆಯಬಹುದು.

ಇಂತಹ ಮಗುವಿಗೆ ನಮ್ಮ ವರ್ಣಮಾಲೆಯೇ ಸಿದ್ಧಸಾಧನವಾಗಿದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಉತ್ಪತ್ತಿಯನ್ನು ಉಸಿರಿನಿಂದಲೇ ವಿವರಿಸಿದ್ದಾನೆ. ವರ್ಗಾಕ್ಷರಗಳು ಕಂಠದಿಂದ ತುಟಿಯವರೆಗೆ ಸ್ಥಾನಕ್ರಮದಲ್ಲಿ ನಿಂತಿವೆ. ‘ಕಲೆ’ ಎನ್ನಬೇಕಾದಲ್ಲಿ ‘ತಲೆ’ ಎನ್ನುವ ಮಗುವಿಗೆ ಕನ್ನಡಿ ಹಿಡಿದು, ‘ತ’ಕಾರದಲ್ಲಿ ನಾಲಗೆಯ ತುದಿ ಹಲ್ಲಿಗೆ ತಾಗುವುದನ್ನೂ ‘ಕ’ಕಾರದಲ್ಲಿ ತುದಿ ಕೆಳಗೇ ಉಳಿಯುವುದನ್ನೂ ತೋರಿಸಬಹುದು. ತುಟಿಯ ಮುಂದೆ ಕಾಗದದ ಚೂರು ಹಿಡಿದರೆ ಅಲ್ಪಪ್ರಾಣ ‘ಪ’ಕಾರಕ್ಕೂ ಮಹಾಪ್ರಾಣ ‘ಫ’ಕಾರಕ್ಕೂ ಇರುವ ಭೇದ ಕಣ್ಣಿಗೇ ಕಾಣುತ್ತದೆ. ಮೂಗಿನ ಮೇಲೆ ಬೆರಳಿಟ್ಟರೆ ‘ಮ’ಕಾರದ ಕಂಪನ ತಿಳಿಯುತ್ತದೆ.

ಇವು ಅಧ್ಯಾಪಕರ ಉಪಕರಣಗಳೇ ಹೊರತು ಚಿಕಿತ್ಸೆಗೆ ಬದಲಿಯಲ್ಲ. ಮೊದಲು ಶ್ರವಣಪರೀಕ್ಷೆಯಾಗಬೇಕು, ಕಿವಿಗೆ ಬೀಳದ ಧ್ವನಿಯನ್ನು ನಾಲಗೆ ಕಲಿಯುವುದು ಕಷ್ಟ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಪರೀಕ್ಷೆ, ಚಿಕಿತ್ಸೆ, ತರಬೇತಿ ಮೂರನ್ನೂ ನಡೆಸುತ್ತಿದೆ. ಆದರೆ ಬೀದರವಿರುವುದು ರಾಜ್ಯದ ಉತ್ತರದ ತುದಿಯಲ್ಲಿ. ಅಷ್ಟು ದೂರ ಮತ್ತೆ ಮತ್ತೆ ಹೋಗಿಬರುವುದು ಬಡವರಿಗೆ ಆಗದ ಮಾತು. ಆದುದರಿಂದ ಚಿಕಿತ್ಸಕರು ಹೇಳಿಕೊಟ್ಟ ಅಭ್ಯಾಸವನ್ನು ತಾಯಿತಂದೆಯರು ಮನೆಯಲ್ಲಿ, ಗುರುಗಳು ತರಗತಿಯಲ್ಲಿ ಪ್ರತಿದಿನವೂ ನಡೆಸಬೇಕು. ಪ್ರಯಾಣವೆಚ್ಚಕ್ಕೂ ಶ್ರವಣಯಂತ್ರಕ್ಕೂ ದಾನಿಗಳು ಕೈನೀಡಿದರೆ, ತಡವರಿಸುವ ನಾಲಗೆಗೆ ನುಡಿಯ ದಾರಿ ತೆರೆದೀತು.